ಹಿಂದಕ್ಕೆ ಬಾ ಎಂದ ಕೈ

"ಅದು ನನ್ನ ಕೈ. ಬರ್ಕೊಳ್ಳಿ."

ಬಗ್ಗಿದ್ದವಳು ಬೆಚ್ಚಿ ನೆಟ್ಟಗಾದೆ. ಕ್ಯಾರವಾನಿನ ಹಿಂಬದಿಯಲ್ಲಿ, ದಾರಿಯ ಧೂಳು ಕೂತಿದ್ದ ಬಿಳಿ ತಗಡಿನ ಮೇಲೆ, ಎಡಮೂಲೆಯ ಹತ್ತಿರ ಒಂದು ಅಂಗೈ ಗುರುತು. ಅದು ನನ್ನ ಕಣ್ಣಿಗೆ ಬಿದ್ದು ಇನ್ನೂ ಕ್ಷಣ ಆಗಿರಲಿಲ್ಲ, ಆಗಲೇ ಅದಕ್ಕೊಬ್ಬ ವಾರಸುದಾರರು ಹುಟ್ಟಿಕೊಂಡಿದ್ದರು.

"ನಾನಿನ್ನೂ ಏನೂ ಕೇಳಿಲ್ವಲ್ಲಮ್ಮ?"

"ಕೇಳ್ತೀರಿ. ಅದಕ್ಕೇ ಮೊದ್ಲೇ ಹೇಳ್ಬಿಟ್ಟೆ."

ಸತ್ತವನ ಅತ್ತೆ ಅವರು. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಗಂಡ ಅದೇ ಬಸ್ಸಿನ ಡ್ರೈವರ್. ನಿನ್ನೆ ಬೆಳಿಗ್ಗೆ ಆ ಗಂಡ ಕೆರೆದಂಡೆಯ ಈ ಕ್ಯಾಂಪಿನಲ್ಲಿ ಗಾಡಿಯನ್ನು ಹಿಂದಕ್ಕೆ ತೆಗೆದು, ಗಾಡಿಗೂ ಅದರ ವೈರು ಸಿಕ್ಕಿಸುವ ಕರೆಂಟಿನ ಕಂಬಕ್ಕೂ ನಡುವೆ ಸ್ವಂತ ಅಳಿಯನನ್ನೇ ಒತ್ತಿಬಿಟ್ಟಿದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಇನ್ಸ್‌ಪೆಕ್ಟರ್ 'ಅಜಾಗರೂಕತೆಯ ಚಾಲನೆ' ಎಂದು ತೀರ್ಮಾನಿಸಿ ಕೈ ತೊಳೆದುಕೊಂಡಿದ್ದರು. ಮಧ್ಯಾಹ್ನದೊಳಗೆ ಜೀಪು ಬಂದು ಡ್ರೈವರನ್ನು ಕರೆದೊಯ್ಯುತ್ತದೆ. ಅದಕ್ಕೆ ಮೊದಲು ವಿಮೆಯ ಸರ್ವೇಯರ್ ಆದ ನಾನು ಗಾಡಿ ನೋಡಿ ವರದಿ ಕೊಡಬೇಕು. ನನ್ನ ವರದಿಯಲ್ಲೂ ಡ್ರೈವರದೇ ತಪ್ಪು ಅಂತಿದ್ದರೆ ಆ ಮುದುಕರು ಈ ವಯಸ್ಸಿನಲ್ಲಿ ಜೈಲು ಕಾಣಬೇಕಾಗುತ್ತದೆ.

ಕ್ಯಾರವಾನ್ ಎಂದರೆ ಮಂಚ, ಒಲೆ, ಬಚ್ಚಲು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುವ ಮನೆ. ಅದನ್ನು ಓಡಿಸುವವರು ತಾವು ಓಡಿಸುತ್ತಿರುವುದು ಮನೆ ಎಂಬುದನ್ನೇ ಮರೆಯುತ್ತಾರೆ. ಮೆಟ್ಟಿಲು ಮಡಚದೆ ಹೊರಡುತ್ತಾರೆ, ಕರೆಂಟಿನ ವೈರು ಬಿಚ್ಚದೆ ಹೊರಡುತ್ತಾರೆ, ಚಾವಣಿಯ ಕಿಟಕಿ ತೆರೆದಿಟ್ಟುಕೊಂಡು ಕೊಂಬೆಯ ಕೆಳಗೆ ನುಗ್ಗುತ್ತಾರೆ. ಆಮೇಲೆ ನನ್ನನ್ನು ಕರೆಸಿ, ಗಾಡಿ ನಿಂತೇ ಇತ್ತು ಮೇಡಂ, ಮರವೇ ಬಂದು ಗುದ್ದಿತು ಎನ್ನುತ್ತಾರೆ. ಈ ಕೆಲಸದಲ್ಲಿ ನಾನು ಕೇಳಿರುವಷ್ಟು ನಡೆದಾಡುವ ಮರಗಳ ಸುದ್ದಿಯನ್ನು ಯಾವ ಕಾಡಿನ ಅಧಿಕಾರಿಯೂ ಕೇಳಿರಲಿಕ್ಕಿಲ್ಲ.

ಸುಳ್ಳು ನನಗೆ ಹೊಸತಲ್ಲ. ಆದರೆ ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಳ್ಳುವ ಸುಳ್ಳು ಹೊಸತು.

"ನೀವು ಇಲ್ಲೇ ಇರಿ. ಆ ಗುರುತನ್ನ ಮುಟ್ಟಬೇಡಿ," ಎಂದು ಫೋಟೋ ತೆಗೆದುಕೊಂಡು ಮುಂದಿನ ಬಾಗಿಲ ಕಡೆ ನಡೆದೆ.

ಕೆರೆಯ ಮೇಲಿಂದ ಮಂಜು ಇನ್ನೂ ಸರಿದಿರಲಿಲ್ಲ. ಕ್ಯಾಂಪಿನಲ್ಲಿ ಉಳಿದಿದ್ದ ಗಾಡಿಗಳ ಪರದೆಗಳು ನಾನು ಹೋದ ಕಡೆಗೆಲ್ಲ ಒಂದಿಷ್ಟು ಸರಿದು ಮತ್ತೆ ಮುಚ್ಚಿಕೊಳ್ಳುತ್ತಿದ್ದವು. ಸಾವು ನಡೆದ ಜಾಗದಿಂದ ಬೇಗ ಹೊರಡಬೇಕು ಎಂಬ ಆಸೆ ಎಲ್ಲರಿಗೂ. ಏನಾಯಿತು ಅಂತ ನೋಡದೆ ಹೊರಡಲಾರರು.

ಕ್ಯಾಂಪಿನ ಮಾಲೀಕರು ಅಡ್ಡ ಬಂದರು. ಕೈಯಲ್ಲಿ ಚಹಾದ ಫ್ಲಾಸ್ಕು. ಬೆಳಿಗ್ಗೆಯಿಂದ ಅವರು ಆ ಫ್ಲಾಸ್ಕನ್ನು ಕೆಳಗಿಟ್ಟಿದ್ದನ್ನು ನಾನು ಕಂಡಿಲ್ಲ.

"ಒಂದು ಲೋಟ ಬಿಸಿಬಿಸಿ ತಗೊಳ್ಳಿ ಮೇಡಂ. ಪಾಪ, ಹಿರಿಯರು. ಕೈ ನಡುಗೋ ವಯಸ್ಸಲ್ಲಿ ಇಷ್ಟು ದೊಡ್ಡ ಗಾಡಿ ಯಾಕೆ ಬೇಕಿತ್ತು ಹೇಳಿ?"

"ಒಳಗೆ ದೀಪ ಹತ್ತುತ್ತಾ? ಕತ್ತಲೆ ಇದೆ."

"ಇಲ್ಲ. ಈ ಸಾಲಿನ ಕರೆಂಟೇ ತೆಗೆಸಿಬಿಟ್ಟಿದೀನಿ, ನಿನ್ನೆಯಿಂದ. ಸಾವಾದ ಜಾಗ ನೋಡಿ. ಏನೋ ನಮ್ಮ ಕೈಲಾದ ಮರ್ಯಾದೆ."

ಸತ್ತವರಿಗೆ ಮರ್ಯಾದೆ ಕೊಡಲು ಕರೆಂಟು ತೆಗೆಯುವುದನ್ನು ನಾನು ಮೊದಲ ಸಲ ಕೇಳಿದ್ದು. ಚಹಾ ಬೇಡ ಎಂದು ಮುಂದೆ ಹೋದೆ.

ಡ್ರೈವರು ಸ್ಟೀರಿಂಗ್ ಹಿಂದೆಯೇ ಕೂತಿದ್ದರು. ಅಳಿಯನನ್ನು ಬಿಡಿಸಲೆಂದು ಗಾಡಿಯನ್ನು ಮುಂದಕ್ಕೆ ಎಳೆದು ನಿಲ್ಲಿಸಿದ ಮೇಲೆ ಆ ಸೀಟಿಗೆ ಅಂಟಿಕೊಂಡವರು, ಪೊಲೀಸರ ಪ್ರಶ್ನೆಗೆ ಮಾತ್ರ ಇಳಿದಿದ್ದರಂತೆ. ಪಕ್ಕದಲ್ಲಿ ತಿಂಡಿಯ ತಟ್ಟೆ ಮುಚ್ಚಿಟ್ಟ ಹಾಗೇ ಇತ್ತು. ಕೈಯಲ್ಲಿ ಒಂದು ಬಟ್ಟೆ. ಕಿಟಕಿಯಿಂದ ಕೈ ಚಾಚಿ ಬಲಗಡೆಯ ಕನ್ನಡಿಯನ್ನು ಒರೆಸುತ್ತಿದ್ದರು. ಕನ್ನಡಿ ಆಗಲೇ ಲಕಲಕ ಹೊಳೆಯುತ್ತಿತ್ತು.

"ನಿನ್ನೆ ಕನ್ನಡಿ ನೋಡ್ಲಿಲ್ವಾ?" ನನ್ನ ದನಿ ಬಿರುಸಾಗಿಯೇ ಬಂತು.

"ಮಂಜು ಕೂತಿತ್ತು. ಒರೆಸ್ಲಿಲ್ಲ."

"ಹಿಂದಿನ ಕ್ಯಾಮೆರಾ?"

"ಅದರ ಸ್ಕ್ರೀನ್ ಮೇಲೆ ಟವೆಲ್ ಒಣಗ್ತಿತ್ತು. ಇಲ್ದಿದ್ರೂ ನೋಡ್ತಿರ್ಲಿಲ್ಲ. ಟಿವಿ ನೋಡ್ಕೊಂಡು ಗಾಡಿ ಓಡಿಸಿ ಅಭ್ಯಾಸ ಇಲ್ಲ ನಂಗೆ."

"ಮತ್ತೆ ಯಾರನ್ನ ನಂಬ್ಕೊಂಡು ರಿವರ್ಸ್ ಹಾಕಿದ್ರಿ?"

"ನಮ್ಮವಳ ಕೈಯನ್ನ."

ಬಟ್ಟೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ನಮ್ಮ ಬಸ್ಸಲ್ಲಿ ಒಂದು ತಟ್ಟಿದ್ರೆ ನಿಲ್ಲು. ಎರಡು ತಟ್ಟಿದ್ರೆ ಹಿಂದಕ್ಕೆ ಬಾ. ಮದ್ವೆಗೆ ಮುಂಚಿನಿಂದ್ಲೂ ಅಷ್ಟೇ. ಅವಳು ತಟ್ತಾಳೆ, ನನ್ನ ಕಾಲು ಕೇಳುತ್ತೆ. ಮಧ್ಯದಲ್ಲಿ ತಲೆಗೆ ಏನೂ ಕೆಲ್ಸ ಇಲ್ಲ. ಈ ಗಾಡಿ ಕೊಂಡ್ಮೇಲೂ ಅದೇ ನಡೀತು. ವೈರು ಬಿಚ್ಚಿ, ಮೆಟ್ಟಿಲು ಮಡಚಿ, ಗಾಡಿ ಸುತ್ತ ಒಂದು ಸುತ್ತು ಹಾಕಿ, ಕೊನೆಗೆ ತಟ್ತಾಳೆ."

ನನಗೆ ಮೈಯೆಲ್ಲ ಉರಿಯಿತು. ಹಿಂದೆ ನಿಂತು ದಾರಿ ತೋರಿಸುವವರು ಕನ್ನಡಿಯಲ್ಲಿ ಕಾಣಬೇಕು. ಕಾಣದಿದ್ದರೆ ಬ್ರೇಕಿನಿಂದ ಕಾಲು ಎತ್ತಲೇಬಾರದು. ಕ್ಯಾಂಪಿನ ಗೇಟಿನ ಹಲಗೆಯ ಮೇಲೆ ಇದನ್ನೇ ದಪ್ಪಕ್ಷರದಲ್ಲಿ ಬರೆದಿದ್ದಾರೆ. ಜಾಡಿಸಬೇಕು ಎಂದುಕೊಂಡೆ. ಅವರ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

"ನಿನ್ನೆ ವೈರು ಬಿಚ್ಚೋಕೆ ಯಾರು ಹೋದ್ರು?"

"ಅಳಿಯಂದ್ರು. ನೀವು ಕೂತ್ಕೊಳ್ಳಿ ಮಾವ, ನಾನು ಬಿಚ್ತೀನಿ ಅಂದ್ರು. ಸ್ವಲ್ಪ ಹೊತ್ತಾದ್ಮೇಲೆ ಎರಡು ತಟ್ಟು ಕೇಳಿಸ್ತು. ಬಿಚ್ಚಿ ಆಯ್ತು, ಅವಳು ಬಂದ್ಲು ಅಂದ್ಕೊಂಡೆ." ಎಡಗಡೆಗೆ ಕೈ ತೋರಿಸಿದರು. "ಸದ್ದು ಎಡಗಡೆಯಿಂದ ಬಂತು ಮೇಡಂ. ಅವಳು ಯಾವತ್ತೂ ಬಲಗಡೆ ತಟ್ಟೋದು. ಉಂಗುರ ಟಣ್ ಅನ್ನುತ್ತೆ. ನಿನ್ನೆ ದಪ್ ದಪ್ ಅಂತು. ಏನೋ ಬೇರೆ ಥರ ಇದೆಯಲ್ಲ ಅನ್ಕೊಳ್ಳೋದ್ರಲ್ಲಿ ಕಾಲು ಬ್ರೇಕ್ ಬಿಟ್ಟಿತ್ತು."

ಅವರು ಮತ್ತೆ ಕನ್ನಡಿ ಒರೆಸತೊಡಗಿದರು.

ಹಿಂದಕ್ಕೆ ಬಂದು ಮೊದಲು ಬಲಮೂಲೆ ನೋಡಿದೆ. ಮುದುಕರು ಹೇಳಿದ್ದು ನಿಜ. ಹೆಂಗಸರ ಭುಜದ ಎತ್ತರದಲ್ಲಿ, ಅಂಗೈಯಗಲದ ಜಾಗದಲ್ಲಿ, ಬಣ್ಣವೆಲ್ಲ ಚುಕ್ಕಿಚುಕ್ಕಿಯಾಗಿ ಎದ್ದುಹೋಗಿತ್ತು. ಉಂಗುರದ ಪೆಟ್ಟುಗಳು. ಅಲ್ಲಿ ನಿಂತು ಎಡಕ್ಕೆ ಕತ್ತು ಚಾಚಿದೆ. ಹಿಂದೆ ಕಟ್ಟಿದ್ದ ಸೈಕಲ್ ಅಡ್ಡ ಬಂದು ಕಂಬ ಕಾಣಲೇ ಇಲ್ಲ.

ಎಡಮೂಲೆಗೆ ಬಂದೆ. ದೀಪದ ಗಾಜು ಪುಡಿಯಾಗಿತ್ತು. ಅದರಿಂದ ಒಂದು ತೋಳಿನಷ್ಟು ಒಳಗೆ, ಸೊಂಟದ ಎತ್ತರದಲ್ಲಿ, ಆ ಅಂಗೈ ಗುರುತು. ಒಂದರ ಮೇಲೊಂದು ಬಿದ್ದು ಅಂಚು ಕದಡಿದ್ದ ಎರಡು ಗುರುತುಗಳು ಅವು. ಕಂಡಕ್ಟರಮ್ಮ ಕೈಕಟ್ಟಿಕೊಂಡು ಅದರ ಪಕ್ಕದಲ್ಲೇ ಕಾವಲಿಗೆ ನಿಂತಿದ್ದರು.

"ನಿನ್ನೆ ಇನ್ಸ್‌ಪೆಕ್ಟರ್ ಹತ್ರ ಬಲಮೂಲೇಲಿ ತಟ್ಟಿದೆ ಅಂದಿದ್ರಿ," ಎಂದೆ.

"ಗಾಬ್ರೀಲಿ ತಪ್ಪು ಹೇಳ್ದೆ."

"ಅಲ್ಲಿಂದ ಕಂಬ ಕಾಣಲ್ಲ. ಅಲ್ಲಿ ನಿಂತು ತಟ್ಟಿದ್ರೆ ಅದು ಎಡವಟ್ಟು. ಇಲ್ಲಿ ನಿಂತ್ರೆ ಅಳಿಯ ಕಣ್ಣೆದುರಿಗೇ ಇರ್ತಾರೆ. ಇಲ್ಲಿ ನಿಂತು ತಟ್ಟಿದ್ರೆ ಅದು ಕೊಲೆ. ನೀವೇನು ಹೇಳ್ತಿದೀರಿ ಅಂತ ನಿಮಗೆ ಗೊತ್ತಾಗ್ತಿದೆಯಾ?"

ಅವರ ತುಟಿ ಅಲುಗಿತು. ಕಣ್ಣು ಮಾತ್ರ ಅಲುಗಲಿಲ್ಲ.

"ಗೊತ್ತಾಗ್ತಿದೆ."

"ಹಾಗಾದ್ರೆ?"

"ಹಾಗಾದ್ರೆ ಹಾಗೇ ಬರ್ಕೊಳ್ಳಿ. ಅವನನ್ನ ಕಂಡ್ರೆ ನಂಗೆ ಮೊದ್ಲಿಂದ್ಲೂ ಆಗ್ತಿರ್ಲಿಲ್ಲ. ಯಾರನ್ನ ಬೇಕಾದ್ರೂ ಕೇಳಿ. ನಮ್ಮನೆಯವರಿಗೂ ಇದಕ್ಕೂ ಸಂಬಂಧ ಇಲ್ಲ. ಅವರು ಸದ್ದು ಕೇಳಿದ್ರು, ಬಂದ್ರು. ಅಷ್ಟೇ."

"ಉಂಗುರ ತೋರ್ಸಿ."

ತೋರಿಸಿದರು. ಬೆರಳಿನ ಗೆಣ್ಣು ಊದಿ ಉಂಗುರ ಅಲ್ಲೇ ಕಚ್ಚಿಕೊಂಡಿತ್ತು. ಸಾಬೂನು ಹಚ್ಚಿದರೂ ಕಳಚುವ ಹಾಗಿರಲಿಲ್ಲ. ಧೂಳಿನ ಗುರುತಿನಲ್ಲಿ ಉಂಗುರದ ಅಚ್ಚಿಲ್ಲ, ತಗಡಿನ ಮೇಲೆ ಚುಕ್ಕಿಯೂ ಇಲ್ಲ.

"ಈಗ ಕೈಯನ್ನ ಗುರುತಿನ ಹತ್ರ ಹಿಡೀರಿ. ತಾಗಿಸ್ಬೇಡಿ."

ಹಿಡಿದರು. ಗುರುತಿನ ಬೆರಳುಗಳು ಅವರ ಬೆರಳುಗಳಿಗಿಂತ ಒಂದು ಗೆಣ್ಣು ಉದ್ದ.

"ಅಮ್ಮ, ಯಾರ ಕೈಯನ್ನ ನಿಮ್ಮದು ಅಂತಿದೀರಿ?"

ಅವರು ಬಾಯಿ ತೆರೆಯುವಷ್ಟರಲ್ಲಿ ಗಾಡಿಯ ಪಕ್ಕದ ಬಾಗಿಲು ಧಡಾರನೆ ತೆರೆಯಿತು. ಮಗಳು. ಸತ್ತವನ ಹೆಂಡತಿ. ನಿನ್ನೆಯಿಂದ ಒಳಗೇ ಇದ್ದವಳು, ಕೆದರಿದ ಕೂದಲಲ್ಲೇ ಇಳಿದು ಬಂದಳು.

"ಅಮ್ಮನ ಮಾತು ಕೇಳ್ಬೇಡಿ ಮೇಡಂ. ತಟ್ಟಿದ್ದು ನಾನು."

"ಪುಟ್ಟೀ, ಒಳಗೆ ಹೋಗೇ! ಇವಳಿಗೆ ತಲೆ ಕೆಟ್ಟಿದೆ ಮೇಡಂ, ನಿದ್ದೆ ಇಲ್ಲ!"

"ನಿದ್ದೆ ನಿಂಗೂ ಇಲ್ಲಮ್ಮ. ನನಗೋಸ್ಕರ ನೀನು ಜೈಲಿಗೆ ಹೋದ್ರೆ ನಾನು ಬದುಕಬೇಕಾ?"

"ಇಬ್ರೂ ಬಾಯಿ ಮುಚ್ಚಿ," ಎಂದು ಗದರಿದೆ. "ನೀನೂ ಕೈ ಹಿಡಿಯಮ್ಮ ಇಲ್ಲಿ."

ಮಗಳ ಕೈ ತಾಯಿಯ ಕೈಗಿಂತಲೂ ಚಿಕ್ಕದು. ಅವಳು ತನ್ನ ಬೆರಳುಗಳನ್ನೂ ಗುರುತನ್ನೂ ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿದಳು.

"ಅಮ್ಮ... ನೀನಲ್ವಾ?"

"ನಾನಾ? ನೀನಲ್ವೇನೇ?"

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತುಬಿಟ್ಟರು. ಮೊನ್ನೆ ಸಂಜೆ ಗಂಡಹೆಂಡಿರ ನಡುವೆ ಜೋರು ಜಗಳ. ನಿಮ್ಮಿಂದ ಬಿಡುಗಡೆ ಸಿಕ್ಕಿದ್ರೆ ಸಾಕಪ್ಪ ಅಂತ ಮಗಳು ಕೂಗಿದ್ದನ್ನು ತಾಯಿ ಕೇಳಿದ್ದರು. ನನ್ನ ಮಗಳನ್ನ ಅಳಿಸಿದವನು ಉದ್ಧಾರ ಆಗಲ್ಲ ಅಂತ ತಾಯಿ ಗೊಣಗಿದ್ದನ್ನು ಮಗಳು ಕೇಳಿದ್ದಳು. ನಿನ್ನೆಯಿಂದ ಒಂದೇ ಸೂರಿನಡಿ, ಒಬ್ಬರ ಮುಖ ಒಬ್ಬರು ನೋಡದೆ, ಇಬ್ಬರೂ ಒಂದೇ ಭಯವನ್ನು ನುಂಗಿಕೊಂಡಿದ್ದರು.

ಮೊದಲು ಅತ್ತದ್ದು ತಾಯಿ. ಅದು ದುಃಖದ ಅಳುವಾಗಿರಲಿಲ್ಲ, ಸದ್ಯ ಎಂಬ ಅಳು. ಅಂಥ ಹೊತ್ತಿನಲ್ಲೂ ಸದ್ಯ ಅನ್ನಿಸಿತಲ್ಲ ಎಂದು ನಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಆ ಹೊತ್ತಲ್ಲಿ ನೀವೆಲ್ಲಿದ್ರಿ? ಈಗ ನಿಜ ಹೇಳಿ."

"ಕ್ಯಾಂಪಿನ ಬಚ್ಚಲು ಕೋಣೇಲಿ ಮುಖ ತೊಳೀತಿದ್ದೆ. ದೀಪ ಮಂಕಾಯ್ತು, ಮತ್ತೆ ಹತ್ತಿತು, ಆಮೇಲೆ ಪೂರ್ತಿ ಹೋಯ್ತು. ಕಿಟಕಿ ಇಲ್ಲದ ಕೋಣೆ. ಚಿಲಕ ತಡಕಾಡ್ತಿದ್ದೆ, ಇವರು ಕೂಗಿಕೊಂಡಿದ್ದು ಕೇಳಿಸ್ತು."

"ನಾನು ಕೆರೆ ಹತ್ರ ಇದ್ದೆ," ಎಂದಳು ಮಗಳು. "ಸಿಟ್ಟು ಮಾಡ್ಕೊಂಡು ಹೋಗಿದ್ದೆ. ಅವರು ಕರೆದ್ರು. ನಾನು ತಿರುಗಿ ನೋಡ್ಲಿಲ್ಲ."

ನಾನು ಮತ್ತೆ ಗುರುತಿನ ಮುಂದೆ ಬಗ್ಗಿದೆ. ಬೆಳಿಗ್ಗೆಯಿಂದ ನನ್ನನ್ನು ಕಾಡುತ್ತಿದ್ದದ್ದು ಈಗ ಸರಿಯಾಗಿ ಕಂಡಿತು. ಆ ಬೆರಳುಗಳು ನೆಲದ ಕಡೆ ಚಾಚಿದ್ದವು. ಗಾಡಿಯನ್ನು ತಟ್ಟುವವರು ಗಾಡಿಗೆ ಮುಖ ಮಾಡಿ, ಬೆರಳು ಮೇಲಕ್ಕೆ ಮಾಡಿ ತಟ್ಟುತ್ತಾರೆ. ಇದು ತಲೆಕೆಳಗು.

ಕಂಬದ ಕಡೆ ಮುಖ ಮಾಡಿ ಗಾಡಿಗೆ ಬೆನ್ನು ಕೊಟ್ಟು ನಿಂತೆ. ವೈರು ಬಿಚ್ಚುವವರು ಹಾಗೇ ನಿಲ್ಲಬೇಕು. ಬಲಗೈಯನ್ನು ಮುಂದಕ್ಕೆ ಚಾಚಿದೆ. ಎಡಗೈಯನ್ನು ಹಿಂದಕ್ಕೆ ಬೀಸಿದೆ. ಗಾಡಿ ಈಗ ದೂರವಿತ್ತು, ಕೈಗೆ ಬರೀ ಗಾಳಿ ಸಿಕ್ಕಿತು. ಆದರೆ ಬೆರಳುಗಳು ತಾವಾಗಿಯೇ ನೆಲ ನೋಡುತ್ತಿದ್ದವು.

ಕೈ ಕೆಳಗಿಳಿಸಿದೆ.

"ನಿಮ್ಮ ಮನೆಯ ಈ ತಟ್ಟೋ ಭಾಷೆ ನಿನ್ನ ಗಂಡನಿಗೆ ಗೊತ್ತಿತ್ತಾ?" ಮಗಳನ್ನು ಕೇಳಿದೆ.

"ಇಲ್ಲ. ಅವರು ನಮ್ಮ ಜೊತೆ ಬಂದಿದ್ದು ಇದೇ ಮೊದಲ ಸಲ."

ಲೋಕದವರೆಲ್ಲ ಗಾಡಿಯನ್ನು ಬಡಿಯುವುದು ನಿಲ್ಲಿಸಿ ಎನ್ನಲು, ಇಲ್ಲೊಬ್ಬ ಇದ್ದೇನೆ ಎನ್ನಲು. ಈ ಒಂದು ಮನೆಯಲ್ಲಿ ಮಾತ್ರ ಎರಡು ಸಲ ಬಡಿದರೆ ಹಿಂದಕ್ಕೆ ಬಾ ಎಂದರ್ಥ. ಹೊಸಬನಾದ ಅಳಿಯನಿಗೆ ಅದನ್ನು ಹೇಳಿಕೊಡಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ.

"ಅವ್ನೇ ತಟ್ಟಿದ್ದಾ?"

ತಿರುಗಿದೆ. ಮುದುಕರು ಸೀಟು ಬಿಟ್ಟು ಇಳಿದು ಬಂದಿದ್ದರು. ಯಾವಾಗ ಬಂದರೋ, ಎಷ್ಟು ಕೇಳಿಸಿಕೊಂಡರೋ. ಕೈಯಲ್ಲಿ ಕನ್ನಡಿ ಒರೆಸುವ ಬಟ್ಟೆ ಹಾಗೇ ಇತ್ತು.

"ಅವ್ನು ನಿಲ್ಸಿ ಅಂದ. ನಾನು ಅವನ ಮೇಲೇ ಹೋದೆ. ಅವ್ನು ಬೇಡ ಮಾವ ಅಂದ ಹೊತ್ತಿಗೇ ನಾನು..."

ಜಲ್ಲಿಕಲ್ಲಿನ ಮೇಲೆ ಕುಕ್ಕರಿಸಿದರು. ನಾನು ಮೂವರನ್ನು ಕೊಲೆಯಿಂದ ಬಿಡಿಸಿದೆ ಎಂದುಕೊಳ್ಳುತ್ತಿದ್ದೆ. ಒಬ್ಬರನ್ನು ಅದಕ್ಕಿಂತ ಕೆಟ್ಟದ್ದರೊಳಗೆ ನೂಕಿದ್ದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ!

ನಿನ್ನೆಯಿಂದ ಅಪ್ಪನ ಜೊತೆ ಒಂದು ಮಾತೂ ಆಡದಿದ್ದ ಮಗಳು ಹೋಗಿ ಪಕ್ಕದಲ್ಲಿ ಕೂತು ಅವರ ತಲೆಯನ್ನು ಎದೆಗೊತ್ತಿಕೊಂಡಳು. ತಾಯಿ ನಿಂತಲ್ಲೇ ಉಂಗುರವನ್ನು ತಿರುಗಿಸುತ್ತಿದ್ದರು. ಕೆರೆಯ ಕಡೆಯಿಂದ ಬೀಸಿದ ತಂಡಿಗೆ ಯಾರೂ ಮೈ ಮುಚ್ಚಿಕೊಳ್ಳಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಮುದುಕರು ತಲೆ ಎತ್ತಿದರು. ಕಣ್ಣು ಕೆಂಪಾಗಿತ್ತು. ದನಿಯಲ್ಲಿ ಮಾತ್ರ ಮಾವ ಹೋಗಿ ಹಳೇ ಡ್ರೈವರು ಬಂದಿದ್ದರು.

"ಮೇಡಂ, ಒಂದು ಮಾತು. ಅವ್ನು ತಟ್ಟೋ ಮುಂಚೆ ಗಾಡಿ ಕದಲಿರ್ಲಿಲ್ಲ."

"ಇಳಿಜಾರು ಇದೆಯಲ್ಲ, ಸ್ವಲ್ಪ ಜಾರಿರಬಹುದು."

"ಜಾರಿಲ್ಲ. ಬ್ರೇಕ್ ಒತ್ಕೊಂಡಿದ್ದೆ, ಕೈಬ್ರೇಕೂ ಹಾಕಿತ್ತು. ಬೇರೆ ಏನು ಬೇಕಾದ್ರೂ ಬರೀರಿ, ಇದೊಂದನ್ನ ಸುಳ್ಳು ಅನ್ನಬೇಡಿ. ತಟ್ಟಿದ್ಮೇಲೇ ನಾನು ಬಿಟ್ಟಿದ್ದು." ಅವರು ಎಡಮೂಲೆಯ ಗುರುತನ್ನು ದಿಟ್ಟಿಸಿದರು. "ನಿಂತ ಗಾಡಿನ ಯಾರಾದ್ರೂ ನಿಲ್ಸಿ ಅಂತಾರಾ?"

ನಿಂತ ಗಾಡಿಗೆ ಬೆನ್ನು ಕೊಟ್ಟು ನಿಂತವನು, ಹಿಂದಕ್ಕೆ ಕೈ ಬೀಸಿ, ಅಷ್ಟು ಬಲವಾಗಿ ಯಾಕೆ ಬಡಿದ? ತಿರುಗಿ ನಿಂತು ಕೂಗಬಹುದಿತ್ತಲ್ಲ? ಆ ಜಾಗ ಬಿಟ್ಟು ಬರಬಹುದಿತ್ತಲ್ಲ?

"ಅವರ ಬಲಗೈ," ಎಂದಳು ಮಗಳು ಮೆಲ್ಲಗೆ. "ಆಸ್ಪತ್ರೇಲಿ ಹಿಡ್ಕೊಳ್ಳೋಕೆ ಹೋದೆ. ಮುಷ್ಟಿ ಬಿಗಿದಿತ್ತು. ಎಷ್ಟು ಬಿಡಿಸಿದ್ರೂ ಬಿಚ್ಚಲಿಲ್ಲ. ನನ್ನ ಮೇಲಿನ ಸಿಟ್ಟು ಹೋಗ್ಲೇ ಇಲ್ವೇನೋ ಅಂದ್ಕೊಂಡೆ."

ಬಿಗಿದ ಮುಷ್ಟಿ. ಮಂಕಾಗಿ, ಹತ್ತಿ, ಆರಿಹೋದ ದೀಪ. ಕರೆಂಟು ಹಿಡಿದುಕೊಂಡು, ಬಿಟ್ಟು ಬರಲಾಗದೆ ನಿಂತವನು, ಉಳಿದೊಂದು ಕೈಯಿಂದ ಕೇಳಿದ ಸಹಾಯ.

ನಾನು ಕಂಬದ ಕಡೆ ನೋಡಿದೆ. ಬೆಳಿಗ್ಗೆಯಿಂದ ಅದರ ಮೇಲಿನ ಗೀರುಗಳನ್ನೇ ಅಳೆಯುತ್ತಿದ್ದೆನಲ್ಲ, ದಡ್ಡಿ. ಕಂಬ ಹಳೆಯದು, ಬುಡದವರೆಗೂ ತುಕ್ಕು. ಆ ಸಾಲಿನ ಎಲ್ಲ ಕಂಬಗಳ ಪ್ಲಗ್ಗಿನ ಮುಚ್ಚಳಗಳೂ ಬಿರುಕು ಬಿಟ್ಟು ಹಳದಿಯಾಗಿದ್ದವು. ಈ ಒಂದರ ಮುಚ್ಚಳ ಮಾತ್ರ ಹಾಲಿನಷ್ಟು ಬಿಳುಪು. ತಿರುಪುಗಳು ಮಿಣಮಿಣ ಹೊಳೆಯುತ್ತಿದ್ದವು. ಕೆಳಗೆ ಜಲ್ಲಿಕಲ್ಲುಗಳ ನಡುವೆ ಕರಕಲಾದ ಪ್ಲಾಸ್ಟಿಕ್ಕಿನ ಒಂದು ಚೂರು ಬಿದ್ದಿತ್ತು.

ಸಾವಾದ ಜಾಗಕ್ಕೆ ಮರ್ಯಾದೆ.

ಗೇಟಿನ ಆಚೆ ಜೀಪಿನ ಸದ್ದು ಕೇಳಿಸುತ್ತಿತ್ತು. ಮಾಲೀಕರು ಅದನ್ನು ಎದುರುಗೊಳ್ಳಲು ಫ್ಲಾಸ್ಕು ಹಿಡಿದು ಹೊರಟವರು, ನಾವೆಲ್ಲ ಕಂಬವನ್ನೇ ನೋಡುತ್ತಿದ್ದುದನ್ನು ಕಂಡು ದಾರಿಯಲ್ಲೇ ನಿಂತಿದ್ದರು.

ಮುಟ್ಟುವಷ್ಟು ಪೆದ್ದಿ ನಾನಲ್ಲ. ಆದರೆ ಮುಟ್ಟುವವಳ ಹಾಗೆ ಮುಂದೆ ಹೋದೆ. ಮಾಲೀಕರನ್ನೇ ನೋಡುತ್ತ, ಆ ಹೊಸ ಮುಚ್ಚಳದ ಕಡೆ ಬರಿಗೈ ಚಾಚಿದೆ.

"ಮುಟ್ಬೇಡಿ!"

ಫ್ಲಾಸ್ಕು ಅವರ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿದ್ದು ಒಡೆಯಿತು.

"ಮೇಡಂ, ಮುಟ್ಬೇಡಿ! ಕೈ ತೆಗೀರಿ!"

ನಾನು ಕೈ ತೆಗೆಯಲಿಲ್ಲ. ಜೀಪು ಒಳಗೆ ಬಂದು ನಿಂತಿತು. ಇನ್ಸ್‌ಪೆಕ್ಟರ್ ಇಳಿದು, ಒಡೆದ ಫ್ಲಾಸ್ಕನ್ನೂ ಬಿಳಿಚಿಕೊಂಡ ಮಾಲೀಕರನ್ನೂ ನೋಡಿದರು.

ನೆಲದ ಮೇಲಿಂದ ಮುದುಕರು ಮಗಳ ಭುಜ ಹಿಡಿದು ಎದ್ದರು. ಬಟ್ಟೆಯನ್ನು ಜೇಬಿಗಿಟ್ಟುಕೊಂಡು ಮಾಲೀಕರ ಎದುರಿಗೆ ಹೋಗಿ ನಿಂತರು. ದನಿ ಏರಿಸಲಿಲ್ಲ.

"ನಿನ್ನೆಯಿಂದ ಕರೆಂಟೇ ಇಲ್ಲ ಅಂದ್ರಲ್ಲ. ಮತ್ತೆ ಯಾಕ್ರೀ ಮುಟ್ಬಾರ್ದು?"